ಪ್ರಾಣಿಗಳಿಗೂ ಲಸಿಕೆ ತಂದ ಲೂಯಿ ಪಾಶ್ಚರ್

ಮಕ್ಕಳೇ, ಪಶು ಆಸ್ಪತ್ರೆಯಲ್ಲಿ ನಾಯಿಮರಿಗೆ ಚುಚ್ಚುಮದ್ದು ಹಾಕುವುದನ್ನು ನೀವು ನೋಡಿರಬಹುದು. ಚೆನ್ನಾಗಿ ಕುಣಿದಾಡುವ ಮರಿಗೆ ಔಷಧ ಏಕೆ? ರೋಗ ಬಂದ ಮೇಲೆ ಕೊಡುವುದು ಔಷಧ. ರೋಗ ಬಾರದಂತೆ ಮೊದಲೇ ಕೊಡುವುದು ಲಸಿಕೆ. ಪ್ರಾಣಿಗಳ ಹಲವು ರೋಗಗಳಿಗೆ ಲಸಿಕೆಯ ದಾರಿ ತೋರಿಸಿದವರು ಫ್ರಾನ್ಸ್ ದೇಶದ ವಿಜ್ಞಾನಿ ಲೂಯಿ ಪಾಶ್ಚರ್.

ಪಾಶ್ಚರ್ 1822ರ ಡಿಸೆಂಬರ್ 27ರಂದು ಡೋಲ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಚರ್ಮ ಹದ ಮಾಡುವ ಕೆಲಸಗಾರ. ಬಾಲ್ಯ ಕಳೆದದ್ದು ಆರ್ಬ್ವಾ ಎಂಬ ಊರಿನಲ್ಲಿ. 1831ರಲ್ಲಿ ಆ ಪ್ರದೇಶದಲ್ಲಿ ಹುಚ್ಚು ಹಿಡಿದ ತೋಳವೊಂದು ಹಲವರನ್ನು ಕಚ್ಚಿತು. ಕಾದ ಕಬ್ಬಿಣದಿಂದ ಗಾಯವನ್ನು ಸುಡುವುದೇ ಆಗಿನ ಚಿಕಿತ್ಸೆ. ಆಗ ಪಾಶ್ಚರ್‌ಗೆ ಇನ್ನೂ ಒಂಬತ್ತು ತುಂಬಿರಲಿಲ್ಲ.

ಬೆಳೆದ ಮೇಲೆ ಅವರು ರಸಾಯನಶಾಸ್ತ್ರ ಓದಿದರು. ಅನೇಕ ರೋಗಗಳಿಗೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳೇ ಕಾರಣ ಎಂದು ಪ್ರಯೋಗಗಳ ಮೂಲಕ ತೋರಿಸಿದರು. 1868ರಲ್ಲಿ ಪಾರ್ಶ್ವವಾಯು ಬಡಿದು ದೇಹದ ಎಡಭಾಗ ದುರ್ಬಲವಾಯಿತು. ಆದರೂ ಸಂಶೋಧನೆ ನಿಲ್ಲಿಸಲಿಲ್ಲ.

1879ರಲ್ಲಿ ಅವರು ಕೋಳಿ ಕಾಲರಾ ರೋಗವನ್ನು ಅಭ್ಯಾಸ ಮಾಡುತ್ತಿದ್ದರು. ಬಹಳ ದಿನ ಹಾಗೆಯೇ ಇಟ್ಟಿದ್ದ ರೋಗಾಣುಗಳನ್ನು ಕೋಳಿಗಳಿಗೆ ಚುಚ್ಚಿದಾಗ ಅವು ಸಾಯಲಿಲ್ಲ, ಸ್ವಲ್ಪ ಕಾಯಿಲೆ ಬಿದ್ದು ಚೇತರಿಸಿಕೊಂಡವು. ಮುಂದೆ ಬಲವಾದ ರೋಗಾಣುಗಳನ್ನು ಚುಚ್ಚಿದರೂ ಅವು ಬದುಕಿದವು! ದುರ್ಬಲಗೊಂಡ ರೋಗಾಣು ದೇಹಕ್ಕೆ ಹೋರಾಡುವುದನ್ನು ಕಲಿಸುತ್ತದೆ ಎಂಬುದು ಇದರಿಂದ ತಿಳಿಯಿತು.

ಆಗ ಕುರಿ, ದನಗಳನ್ನು ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ಕೊಲ್ಲುತ್ತಿತ್ತು. 1881ರ ಮೇ ತಿಂಗಳಲ್ಲಿ ಪುಯಿ ಲೆ ಫೋರ್ ಎಂಬ ಹಳ್ಳಿಯಲ್ಲಿ ಪಾಶ್ಚರ್ ಬಹಿರಂಗ ಪ್ರಯೋಗ ನಡೆಸಿದರು. 24 ಕುರಿಗಳಿಗೆ ಎರಡು ಬಾರಿ ಲಸಿಕೆ ಹಾಕಿದರು. ಇನ್ನೂ 24 ಕುರಿಗಳಿಗೆ ಹಾಕಲಿಲ್ಲ. ಮೇ 31ರಂದು ಎಲ್ಲಕ್ಕೂ ರೋಗಾಣು ಚುಚ್ಚಿದರು. ಸೋತರೆ ಎಲ್ಲರೆದುರು ತಲೆತಗ್ಗಿಸಬೇಕಿತ್ತು. ಜೂನ್ 2ರಂದು ಜನ ಬಂದು ನೋಡಿದರೆ ಲಸಿಕೆ ಹಾಕಿಸಿಕೊಂಡ ಕುರಿಗಳು ನಿಂತಿದ್ದವು. ಉಳಿದ ಕುರಿಗಳಲ್ಲಿ ಹೆಚ್ಚಿನವು ಆಗಲೇ ಸತ್ತಿದ್ದವು. ಸಂಜೆಯೊಳಗೆ ಮಿಕ್ಕವೂ ಸತ್ತವು.

ನಂತರ ಅವರು ಕೈಗೆತ್ತಿಕೊಂಡದ್ದು ಹುಚ್ಚುನಾಯಿ ರೋಗ, ಅಂದರೆ ರೇಬೀಸ್. ರೋಗಿ ನಾಯಿಯ ಜೊಲ್ಲಿನಲ್ಲಿ ಅಪಾಯ ಅಡಗಿರುತ್ತದೆ. ಇದಕ್ಕೆ ಕಾರಣವಾದ ವೈರಸ್ ಆಗಿನ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಚಿಕ್ಕದು. ಪಾಶ್ಚರ್ ಮತ್ತು ಸಹೋದ್ಯೋಗಿ ಎಮಿಲ್ ರೂ, ರೋಗ ತಗುಲಿದ ಮೊಲಗಳ ಬೆನ್ನುಹುರಿಯನ್ನು ಒಣಗಿಸಿ ಲಸಿಕೆ ಸಿದ್ಧಪಡಿಸಿದರು. ಅದು ನಾಯಿಗಳನ್ನು ರಕ್ಷಿಸಿತು. ಆದರೆ ಒಂದೊಂದು ನಾಯಿಗೂ ಹಲವು ಚುಚ್ಚುಮದ್ದು ಬೇಕಿತ್ತು. ದೇಶದ ನಾಯಿಗಳಿಗೆಲ್ಲ ಹಾಕುವುದು ಹೇಗೆ? ಕಚ್ಚಿಸಿಕೊಂಡವರಿಗೇ ಕೊಟ್ಟರೆ ಹೇಗೆ ಎಂದು ಅವರು ಯೋಚಿಸಿದರು. ವೈರಸ್ ನರಗಳ ಮೂಲಕ ಮಿದುಳಿಗೆ ನಿಧಾನವಾಗಿ ಸಾಗುವುದರಿಂದ, ಅಷ್ಟರಲ್ಲಿ ದೇಹವನ್ನು ಸಿದ್ಧಪಡಿಸಲು ಸಮಯ ಸಿಗುತ್ತದೆ.

1885ರ ಜುಲೈ 6ರಂದು ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಬಾಲಕನನ್ನು ತಾಯಿ ಕರೆತಂದರು. ಹುಚ್ಚುನಾಯಿ ಅವನನ್ನು ಹಲವು ಕಡೆ ಕಚ್ಚಿತ್ತು. ಪಾಶ್ಚರ್ ವೈದ್ಯರಲ್ಲ. ಲಸಿಕೆಯಿಂದಲೇ ಬಾಲಕ ಸತ್ತರೆ? ಹಾಕದಿದ್ದರೂ ಸಾವಿನ ಭಯ! ವೈದ್ಯರೊಂದಿಗೆ ಚರ್ಚಿಸಿ ಅವರು ಧೈರ್ಯ ಮಾಡಿದರು. ಡಾ. ಗ್ರಾಂಶೆ ಒಟ್ಟು 13 ಚುಚ್ಚುಮದ್ದು ಕೊಟ್ಟರು. ಜೋಸೆಫ್ ಬದುಕಿದ. ಆದರೆ ಅದೇ ವರ್ಷ, ಕಚ್ಚಿ ಒಂದು ತಿಂಗಳು ಕಳೆದ ಮೇಲೆ ಕರೆತಂದ ಲೂಯಿಸ್ ಎಂಬ ಬಾಲಕಿ ಉಳಿಯಲಿಲ್ಲ. ತಡ ಮಾಡಬಾರದೆಂಬ ಪಾಠವನ್ನು ಈ ನೋವಿನ ಘಟನೆ ಕಲಿಸಿತು.

1888ರಲ್ಲಿ ಪ್ಯಾರಿಸ್‌ನಲ್ಲಿ ಪಾಶ್ಚರ್ ಸಂಸ್ಥೆ ಆರಂಭವಾಯಿತು. ಅವರು 1895ರ ಸೆಪ್ಟೆಂಬರ್ 28ರಂದು ತೀರಿಕೊಂಡರು. ಆ ದಿನವನ್ನು ವಿಶ್ವ ರೇಬೀಸ್ ದಿನವಾಗಿ ಆಚರಿಸಲಾಗುತ್ತಿದೆ.

ಅಂದು ಕಷ್ಟವೆನಿಸಿದ್ದ ಕೆಲಸ ಇಂದು ಸುಲಭ. ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಿ, ನಂತರ ಪಶುವೈದ್ಯರು ಹೇಳಿದ ಸಮಯಕ್ಕೆ ಮತ್ತೆ ಹಾಕಿಸಿದರೆ ಸಾಕು. ಬೆಕ್ಕಿಗೂ ಇದು ಬೇಕು. ನಾಯಿ ಕಚ್ಚಿದರೆ ಅಥವಾ ಪರಚಿದರೆ ಬೈಯುತ್ತಾರೆಂದು ಮುಚ್ಚಿಡಬೇಡಿ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ಗಾಯ ತೊಳೆಯಿರಿ. ಹಿರಿಯರಿಗೆ ತಿಳಿಸಿ ಕೂಡಲೇ ಆಸ್ಪತ್ರೆಗೆ ಹೋಗಿ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಅತಿ ವಿರಳ. ಅದಕ್ಕೆ ಮೊದಲೇ ಲಸಿಕೆ ಪಡೆದರೆ ಜೀವ ಉಳಿಯುತ್ತದೆ.