ಹಗುರತೆಯ ಹರಿಕಾರ ಕಾಲಿನ್ ಚಾಪ್‌ಮನ್

ಎರಡನೆಯ ಮಹಾಯುದ್ಧದ ನಂತರ ಇಂಗ್ಲೆಂಡಿನಲ್ಲಿ ತಯಾರಾದ ಸ್ಪೋರ್ಟ್ಸ್ ಕಾರುಗಳಿಗೆ ಜಗತ್ತಿನಾದ್ಯಂತ ಅಭಿಮಾನಿಗಳಿದ್ದಾರೆ. ಮಳೆ ಬಂದರೆ ದೀಪ ಆರುತ್ತದೆ, ನಿಲ್ಲಿಸಿದಲ್ಲೆಲ್ಲ ಎಣ್ಣೆ ಸೋರುತ್ತದೆ ಎಂಬ ಅಪಕೀರ್ತಿಯೂ ಈ ಕಾರುಗಳಿಗೆ ಅಂಟಿಕೊಂಡಿದೆ. ಈ ಮೋಹ ಮತ್ತು ಅಪಕೀರ್ತಿಗಳೆರಡೂ ಒಂದೇ ಬಾಳಿನಲ್ಲಿ ಬೆರೆತದ್ದನ್ನು ಕಾಣಬೇಕಾದರೆ ಲೋಟಸ್ ಕಾರುಗಳ ಜನಕ ಕಾಲಿನ್ ಚಾಪ್‌ಮನ್ ಅವರ ಬದುಕನ್ನು ನೋಡಬೇಕು. ಅವರ ಕಿರುಪರಿಚಯವನ್ನು ನಮ್ಮ ಓದುಗರ ಮುಂದಿಡುತ್ತಿದ್ದೇವೆ.

ಚಾಪ್‌ಮನ್ ಅವರು 1928ರ ಮೇ 19ರಂದು ರಿಚ್ಮಂಡ್‌ನಲ್ಲಿ ಜನಿಸಿದರು. ತಂದೆ ಉತ್ತರ ಲಂಡನ್ನಿನಲ್ಲಿ ಪಾನಗೃಹವೊಂದನ್ನು ನಡೆಸುತ್ತಿದ್ದರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವಾಗಲೇ ಅವರು ವಿಮಾನ ಹಾರಿಸಲು ಕಲಿತರು. 1948ರಲ್ಲಿ ಗೆಳತಿ ಹೇಜಲ್ ಅವರ ಮನೆಯ ಗ್ಯಾರೇಜಿನಲ್ಲಿ ಹಳೆಯ ಆಸ್ಟಿನ್ ಸೆವೆನ್ ಒಂದನ್ನು ಬಿಚ್ಚಿ ತಮ್ಮ ಮೊದಲ ಸ್ಪರ್ಧಾ ಕಾರನ್ನು ಕಟ್ಟಿದರು. 1952ರಲ್ಲಿ ಅದೇ ಹೇಜಲ್ ಅವರಿಂದ ಪಡೆದ ಅಲ್ಪ ಹಣದಿಂದ ತಂದೆಯ ಪಾನಗೃಹದ ಹಿಂದಿನ ಕುದುರೆ ಲಾಯದಲ್ಲಿ ಲೋಟಸ್ ಸಂಸ್ಥೆಯನ್ನು ಆರಂಭಿಸಿದರು. ಮುಂದೆ ಹೇಜಲ್ ಅವರ ಬಾಳಸಂಗಾತಿಯಾದರು. ತಾವರೆಯ ಹೆಸರನ್ನೇ ಏಕೆ ಆರಿಸಿದರೆಂಬುದನ್ನು ಚಾಪ್‌ಮನ್ ಕೊನೆಯವರೆಗೂ ಬಹಿರಂಗಪಡಿಸಲಿಲ್ಲ.

ಅವರ ತತ್ತ್ವ ಸರಳವಾದದ್ದು. ಎಂಜಿನ್ನಿನ ಶಕ್ತಿ ಹೆಚ್ಚಿಸಿದರೆ ನೇರ ರಸ್ತೆಯಲ್ಲಿ ಮಾತ್ರ ವೇಗ ಹೆಚ್ಚುತ್ತದೆ. ತೂಕ ಇಳಿಸಿದರೆ ತಿರುವು, ಬ್ರೇಕು, ಓಟ ಎಲ್ಲದರಲ್ಲಿಯೂ ಲಾಭ. 1957ರ ಲೋಟಸ್ ಸೆವೆನ್ ಈ ತತ್ತ್ವದ ಸಾಕಾರ ರೂಪ. ಬಿಡಿಭಾಗಗಳಾಗಿ ಕೊಂಡು ಮನೆಯಲ್ಲಿ ಜೋಡಿಸಿಕೊಂಡರೆ ಮಾರಾಟ ತೆರಿಗೆ ಉಳಿಯುತ್ತಿದ್ದುದರಿಂದ ಮಧ್ಯಮ ವರ್ಗದ ತರುಣರಿಗೂ ಅದು ಕೈಗೆಟುಕಿತು. ಅದೇ ವರ್ಷ ಪ್ರದರ್ಶಿತವಾದ ಎಲೀಟ್ ಕಾರಿನ ಹೊರಮೈ ಮತ್ತು ಚೌಕಟ್ಟು ಎರಡೂ ಫೈಬರ್‌ಗ್ಲಾಸಿನವೇ. ಆದರೆ ಸಸ್ಪೆನ್ಷನ್ ಬಿಗಿದ ಜಾಗದಲ್ಲಿ ಫೈಬರ್‌ಗ್ಲಾಸು ಕಿತ್ತುಬಂದ ಪ್ರಸಂಗಗಳುಂಟು. 1962ರ ಎಲಾನ್ ಕಾರಿಗೆ ಚಾಪ್‌ಮನ್ ಉಕ್ಕಿನ ಬೆನ್ನೆಲುಬನ್ನು ಕೊಟ್ಟರು.

ಎಲಾನ್ ತೂಗುತ್ತಿದ್ದುದು 700 ಕಿಲೋಗ್ರಾಮಿಗೂ ಕಡಿಮೆ. ಅದನ್ನು ನಡೆಸಿದವರು ಅದರ ಹಿಡಿತವನ್ನು ಇಂದಿಗೂ ಕೊಂಡಾಡುತ್ತಾರೆ. ಆದರೆ ಲೋಹದ ಕಾರಿನಲ್ಲಿ ಮೈಯ ಮೂಲಕವೇ ಬ್ಯಾಟರಿಗೆ ಮರಳುವ ವಿದ್ಯುತ್ತು ಫೈಬರ್‌ಗ್ಲಾಸಿನಲ್ಲಿ ಹರಿಯದು. ಪ್ರತಿ ದೀಪಕ್ಕೂ ಮರಳುವ ತಂತಿ ಬೇರೆಯೇ ಬೇಕು. ಒಂದು ಜೋಡಣೆಗೆ ತುಕ್ಕು ಹಿಡಿದರೆ ದೀಪ ಆರಿತೆಂದೇ ಅರ್ಥ. ಎಂಜಿನ್ನಿನ ನಿರ್ವಾತದಿಂದ ಮೇಲೇಳುತ್ತಿದ್ದ ಮುಂದೀಪಗಳು ಕೊಳವೆ ಸೋರಿದಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದವು. ಲೋಟಸ್ ಎಂಬ ಇಂಗ್ಲಿಷ್ ಪದದ ಐದು ಅಕ್ಷರಗಳನ್ನು ಬಿಡಿಸಿ, ತೊಂದರೆಗಳ ರಾಶಿ ಎಂಬರ್ಥ ಬರುವಂತೆ ಅಭಿಮಾನಿಗಳೇ ಹಾಸ್ಯ ಕಟ್ಟಿದರು.

ಸ್ಪರ್ಧಾಂಗಣದಲ್ಲಿ ಈ ದೋಷ ಹಾಸ್ಯವಾಗಿ ಉಳಿಯಲಿಲ್ಲ. 1960ರಲ್ಲಿ ಮೊನಾಕೋದಲ್ಲಿ ಲೋಟಸ್ ಕಾರಿಗೆ ಫಾರ್ಮುಲಾ ಒನ್‌ನ ಮೊದಲ ಗೆಲುವು ತಂದ ಸ್ಟರ್ಲಿಂಗ್ ಮಾಸ್, ಕೆಲವೇ ವಾರಗಳಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಹಿಂಬದಿಯ ಚಕ್ರ ಕಳಚಿ ತೀವ್ರವಾಗಿ ಗಾಯಗೊಂಡರು. ಜಿಮ್ ಕ್ಲಾರ್ಕ್ 1963 ಮತ್ತು 1965ರಲ್ಲಿ ವಿಶ್ವಚಾಂಪಿಯನ್ ಆದರು. 1962 ಮತ್ತು 1964ರಲ್ಲಿ ವರ್ಷದ ಕೊನೆಯ ಸ್ಪರ್ಧೆಯಲ್ಲಿ ಎಂಜಿನ್ನಿನ ಎಣ್ಣೆ ಸೋರಿ ಅದೇ ಪಟ್ಟ ಅವರ ಕೈತಪ್ಪಿತ್ತು. ಜೋಖೆನ್ ರಿಂಡ್ಟ್ 1969ರಲ್ಲಿ ಸ್ಪೇನಿನಲ್ಲಿ ಕಾರಿನ ರೆಕ್ಕೆ ಮುರಿದು ಗಾಯಗೊಂಡ ಮೇಲೆ, ಕಾರಿನ ಭಾಗಗಳು ದುರ್ಬಲವಾಗಿವೆ, ಅವನ್ನು ಬಲಪಡಿಸಬೇಕೆಂದು ಚಾಪ್‌ಮನ್ ಅವರಿಗೆ ಪತ್ರ ಬರೆದರು. ಮರುವರ್ಷ ಸೆಪ್ಟೆಂಬರ್ 5ರಂದು ಇಟಲಿಯ ಮೊಂಜಾದಲ್ಲಿ ಅಭ್ಯಾಸ ನಡೆಸುತ್ತಿದ್ದಾಗ ಅಪಘಾತದಲ್ಲಿ ಮಡಿದರು. ಮುಂಬದಿಯ ಬ್ರೇಕಿನ ದಂಡ ಮುರಿದದ್ದು ತನಿಖೆಯಲ್ಲಿ ಕಂಡುಬಂತು. ಆ ವರ್ಷದ ಚಾಂಪಿಯನ್ ಪಟ್ಟ ಅವರಿಗೆ ಮರಣೋತ್ತರವಾಗಿ ಸಂದಿತು.

ಚಾಪ್‌ಮನ್ ಅವರ ಪ್ರತಿಭೆ ಅಲ್ಲಿಗೆ ನಿಲ್ಲಲಿಲ್ಲ. ಕಾರಿನ ತಳದಲ್ಲಿ ಹರಿಯುವ ಗಾಳಿಯಿಂದಲೇ ಕಾರನ್ನು ನೆಲಕ್ಕೆ ಒತ್ತಿ ಹಿಡಿಯುವ ವಿಧಾನದ ಬಲದಿಂದ ಮಾರಿಯೋ ಆಂಡ್ರೆಟ್ಟಿ 1978ರಲ್ಲಿ ವಿಶ್ವಚಾಂಪಿಯನ್ ಆದರು. ಅದರೊಂದಿಗೆ ಲೋಟಸ್ ತಂಡಕ್ಕೆ ಏಳನೆಯ ತಯಾರಕರ ಪ್ರಶಸ್ತಿ ದೊರೆಯಿತು. ಕೊನೆಯ ವರ್ಷಗಳಿಗೆ ಡಿಲೋರಿಯನ್ ಕಾರು ಯೋಜನೆಯ ಹಣದ ಹಗರಣದ ಕರಿನೆರಳು ಬಿತ್ತು. 1982ರ ಡಿಸೆಂಬರ್ 16ರಂದು, 54ನೆಯ ವಯಸ್ಸಿನಲ್ಲಿ, ಅವರು ಹೃದಯಾಘಾತದಿಂದ ನಿಧನರಾದರು. ಆ ಪ್ರಕರಣದಲ್ಲಿ ಸಂಸ್ಥೆಯ ಹಣಕಾಸು ಮುಖ್ಯಸ್ಥರಿಗೆ 1992ರಲ್ಲಿ ಜೈಲು ಶಿಕ್ಷೆಯಾಯಿತು.

1989ರಲ್ಲಿ ಜಪಾನಿನ ಮಾಜ್ಡಾ ಸಂಸ್ಥೆ ಎಲಾನ್ ಕಾರನ್ನು ಆದರ್ಶವಾಗಿಟ್ಟುಕೊಂಡು ಎಂಎಕ್ಸ್-5 ಎಂಬ ಹಗುರ ಕಾರನ್ನು ಹೊರತಂದಿತು. ಅದು ಸುಲಭವಾಗಿ ಕೆಡಲಿಲ್ಲ. ಹಗುರತೆಗೂ ಭರವಸೆಗೂ ಹಗೆತನವಿಲ್ಲವೆಂಬುದು ಇದರಿಂದ ಸಿದ್ಧವಾಯಿತು. ಚಾಪ್‌ಮನ್ ತೋರಿದ ದಾರಿ ಸರಿಯಾಗಿಯೇ ಇತ್ತು. ಆದರೆ ಭಾರದೊಂದಿಗೆ ಬಲವನ್ನೂ ಕಳೆದ ಎಡೆಗಳಲ್ಲಿ ಬೆಲೆ ತೆತ್ತವರು ಚಾಲಕನ ಪೀಠದಲ್ಲಿ ಕುಳಿತವರು. ಅವರ ಸಾಧನೆಗೆ ತಲೆಬಾಗುವಾಗ ರಿಂಡ್ಟ್ ಅವರ ಪತ್ರವನ್ನೂ ನೆನೆಯುವುದು ಉಚಿತವೆಂದು ನಾವು ಭಾವಿಸುತ್ತೇವೆ.