ದೋಷ ಕಾಲಿನದಲ್ಲ: ಡಾ. ವಿಲಿಯಂ ಲಿಟಲ್ ಕಂಡುಕೊಂಡದ್ದು

ನಮ್ಮ ಹೊರಮಾವಿನಿಂದ ಇಂದಿರಾನಗರ ದೂರವೇನಲ್ಲ. ಅಲ್ಲಿರುವ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ 1980ರಿಂದ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗಾಗಿ ಕೆಲಸ ಮಾಡುತ್ತಿದೆ. ಕಾಲು ಬಿಗಿದುಕೊಂಡ ಇಂಥ ಮಗುವನ್ನು ಎತ್ತಿಕೊಂಡು ಓಡಾಡುವ ತಾಯಿಗೆ, ಬಸುರಿಯಲ್ಲಿ ಗ್ರಹಣದ ದಿನ ಹೊರಗೆ ಬಂದಿರಬೇಕು ಎಂಬ ಮಾತು ಇಂದಿಗೂ ತಪ್ಪಿಲ್ಲ. ಈ ಕಾಯಿಲೆಯ ಕಾರಣ ಹುಡುಕಿ ಹೊರಟ ವೈದ್ಯರೊಬ್ಬರ ಬದುಕನ್ನು ನೋಡೋಣ.

ವಿಲಿಯಂ ಜಾನ್ ಲಿಟಲ್ ಹುಟ್ಟಿದ್ದು 1810ರಲ್ಲಿ, ಲಂಡನ್ನಿನಲ್ಲಿ. ಎಳವೆಯಲ್ಲೇ ಪೋಲಿಯೊ ಬಂದು ಎಡಪಾದ ತಿರುಚಿಕೊಂಡಿತು. ಬೆಳೆದು ವೈದ್ಯಶಾಸ್ತ್ರ ಓದಿದರೂ ಸ್ವಂತ ಪಾದಕ್ಕೆ ಮದ್ದು ಸಿಗಲಿಲ್ಲ. ಮಾಂಸಖಂಡವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜನ್ನು ಕತ್ತರಿಸಿ ಪಾದ ನೇರ ಮಾಡಬಹುದಿತ್ತು, ಆದರೆ ಗಾಯ ನಂಜಾಗುವ ಭಯ. ಜರ್ಮನಿಯ ಹ್ಯಾನೋವರ್‌ನಲ್ಲಿ ಸ್ಟ್ರೋಮೆಯರ್ ಎಂಬ ಸರ್ಜನ್ ಚರ್ಮಕ್ಕೆ ಸಣ್ಣ ತೂತು ಮಾತ್ರ ಮಾಡಿ ಈ ಶಸ್ತ್ರಚಿಕಿತ್ಸೆ ನಡೆಸುತ್ತಿದ್ದರು. 1836ರಲ್ಲಿ ಲಿಟಲ್ ತಮ್ಮ ಕಾಲನ್ನೇ ಅವರಿಗೆ ಒಪ್ಪಿಸಿದರು. ಈಥರ್ ಅರಿವಳಿಕೆ ಬರಲು ಇನ್ನೂ ಹತ್ತು ವರ್ಷವಿತ್ತು! ಪಾದ ನೆಟ್ಟಗಾಯಿತು. ಅದೇ ವಿದ್ಯೆ ಕಲಿತು ಲಂಡನ್ನಿಗೆ ಮರಳಿ, ಮೂಳೆ-ಕೀಲುಗಳ ಆಸ್ಪತ್ರೆ ಕಟ್ಟಿದರು.

ಅಲ್ಲಿಗೆ ಬರುತ್ತಿದ್ದ ಕೆಲವು ಮಕ್ಕಳ ಕಾಲು ಮಾತ್ರ ಬೇರೆ ಥರ. ಪೋಲಿಯೊದಂತೆ ಜೋತುಬೀಳದೆ ಮರದಂತೆ ಸೆಟೆದು, ಕತ್ತರಿಯಂತೆ ಒಂದರ ಮೇಲೊಂದು ಬರುತ್ತಿದ್ದವು. ಪೋಲಿಯೊದಲ್ಲಿ ಸಾಯುವುದು ಬೆನ್ನುಹುರಿಯ ನರಕೋಶ. ಅಪ್ಪಣೆ ಸ್ನಾಯುವಿಗೆ ತಲುಪುವುದೇ ಇಲ್ಲ. ಈ ಮಕ್ಕಳಲ್ಲಿ ಕೆಟ್ಟಿರುವುದು ಮೆದುಳು. ಬಸ್ಸು ಗಕ್ಕನೆ ಬ್ರೇಕ್ ಹಾಕಿದಾಗ ನಾವು ಬೀಳದಿರಲು ಒಂದು ಕಾರಣ, ಸ್ನಾಯು ಎಳೆದ ಕೂಡಲೇ ಬೆನ್ನುಹುರಿ ಅದನ್ನು ಬಿಗಿಯುವಂತೆ ಮಾಡುವುದು. ಆ ಬಿಗಿತ ಅತಿಯಾಗದಂತೆ ಮೆದುಳು ಸದಾ ಹಿಡಿತವಿಟ್ಟಿರುತ್ತದೆ. ಆ ಹಿಡಿತ ತಪ್ಪಿದರೆ ಸ್ನಾಯು ಸಡಿಲವಾಗುವುದನ್ನೇ ಮರೆಯುತ್ತದೆ. ಈ ವಿವರವೆಲ್ಲ ಸಿಕ್ಕಿದ್ದು ಲಿಟಲ್ ಕಾಲದ ನಂತರ. ಅವರು ಗುರುತಿಸಿದ್ದು, ಇಂಥ ಅನೇಕ ಮಕ್ಕಳು ಅವಧಿಗೆ ಮುಂಚೆ ಹುಟ್ಟಿದವರು, ಇಲ್ಲವೇ ಕಷ್ಟದ ಹೆರಿಗೆಯಲ್ಲಿ ತಡವಾಗಿ ಉಸಿರಾಡಿದವರು ಎಂಬುದನ್ನು. 1861ರಲ್ಲಿ ಲಂಡನ್ನಿನ ಪ್ರಸೂತಿ ವೈದ್ಯರ ಸಂಘದ ಮುಂದೆ ಇದನ್ನು ಮಂಡಿಸಿದರು. ಕಾಯಿಲೆಗೆ ಲಿಟಲ್ ಹೆಸರೇ ಬಂತು.

ಅವರದು ಅರ್ಧ ಸತ್ಯ. ಅವರು 1894ರಲ್ಲಿ ತೀರಿಕೊಂಡರು. 1897ರ ಪುಸ್ತಕದಲ್ಲಿ, ಆಗ ನರವೈದ್ಯರಾಗಿದ್ದ ಸಿಗ್ಮಂಡ್ ಫ್ರಾಯ್ಡ್ ತಕರಾರು ಎತ್ತಿದರು. ತೊಂದರೆ ಗರ್ಭದಲ್ಲೇ ಶುರುವಾಗಿ, ಕಷ್ಟದ ಹೆರಿಗೆ ಅದರ ಪರಿಣಾಮವೂ ಆಗಿರಬಹುದು ಎಂಬುದು ಅವರ ವಾದ. ನಂತರದ ಅಧ್ಯಯನಗಳು ಹೆಚ್ಚಾಗಿ ಫ್ರಾಯ್ಡ್ ಕಡೆಗೇ ವಾಲಿವೆ. ಅವಧಿಪೂರ್ವ ಜನನ, ಗರ್ಭಿಣಿಗೆ ತಗಲುವ ಸೋಂಕು, ಹಸುಗೂಸಿನ ತೀವ್ರ ಕಾಮಾಲೆ ಇವೆಲ್ಲ ಕಾರಣಗಳ ಪಟ್ಟಿಯಲ್ಲಿವೆ. ಗ್ರಹಣ ಇಲ್ಲ.

ಎಣ್ಣೆ ಹಚ್ಚಿ ಕಾಲನ್ನು ಜೋರಾಗಿ ಜಗ್ಗಿದರೆ ಸರಿಹೋಗುತ್ತದೆ ಎಂಬ ನಂಬಿಕೆಯೂ ಇದೆ. ಆಗುವುದು ಉಲ್ಟಾ: ವೇಗವಾಗಿ ಎಳೆದಷ್ಟೂ ಸ್ನಾಯು ಇನ್ನಷ್ಟು ಬಿಗಿಯುತ್ತದೆ. ಫಿಸಿಯೋಥೆರಪಿಸ್ಟ್‌ಗಳು ಮೆಲ್ಲಗೆ, ತುಸುತುಸುವೇ ಚಾಚಿಸುವುದು ಅದಕ್ಕೇ. ಮಗುವಿಗೆ ನಾಲ್ಕು ತಿಂಗಳಾದರೂ ಕತ್ತು ನಿಲ್ಲದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ.