ಪಳೆಯುಳಿಕೆ ನೋಡಿ ಬಂಡೆಯ ವಯಸ್ಸು ಹೇಳುವುದು ಕಣ್ಕಟ್ಟೇ? ವಿಲಿಯಂ ಸ್ಮಿತ್ ಕಥೆ ಓದಿ

ಪಳೆಯುಳಿಕೆ ನೋಡಿ ಬಂಡೆಯ ವಯಸ್ಸು, ಬಂಡೆ ನೋಡಿ ಪಳೆಯುಳಿಕೆಯ ವಯಸ್ಸು ಹೇಳುತ್ತಾರೆ, ಎಲ್ಲವೂ ಕಣ್ಕಟ್ಟು ಎನ್ನುವ ಸಂದೇಶ ನಿಮಗೂ ಬಂದಿರಬಹುದು. ನಿಜ ತಿಳಿಯಲು ನಾವು ಇಂಗ್ಲೆಂಡಿನ ವಿಲಿಯಂ ಸ್ಮಿತ್ ಅವರ ಬದುಕನ್ನು ನೋಡೋಣ.

1769ರಲ್ಲಿ ಹುಟ್ಟಿದ ಸ್ಮಿತ್ ಕಮ್ಮಾರನ ಮಗ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಲಿಲ್ಲ. ಭೂಮಿ ಅಳೆಯುವುದೇ ಕಸುಬು. ಸಾಮರ್‌ಸೆಟ್‌ನಲ್ಲಿ ಕಲ್ಲಿದ್ದಲು ಗಣಿಗೆ ಇಳಿದಾಗ, ಕಾಲುವೆ ತೋಡಿಸುವಾಗ ಅವರಿಗೊಂದು ವಿಷಯ ಕಂಡಿತು. ಬಂಡೆಯ ಪದರಗಳು ಹೋದಲ್ಲೆಲ್ಲ ಅದೇ ಕ್ರಮದಲ್ಲಿದ್ದವು. ನೋಡಲು ಒಂದೇ ರೀತಿಯ ಪದರಗಳನ್ನೂ ಒಳಗಿನ ಪಳೆಯುಳಿಕೆಗಳಿಂದ ಬೇರೆ ಬೇರೆಯಾಗಿ ಗುರುತಿಸಬಹುದಿತ್ತು.

ಪಾದ್ರಿ ಬೆಂಜಮಿನ್ ರಿಚರ್ಡ್‌ಸನ್ ತಮ್ಮ ಸಂಗ್ರಹ ತೋರಿಸಿದಾಗ, ಯಾವುದು ಯಾವ ಪದರದ್ದೆಂದು ಸ್ಮಿತ್ ಹೇಳಿಬಿಟ್ಟರು! 1799ರಲ್ಲಿ ಬಾತ್ ಸುತ್ತಲಿನ ಪದರಗಳ ಪಟ್ಟಿಯನ್ನು ರಿಚರ್ಡ್‌ಸನ್ ಅವರಿಗೇ ಬರೆಸಿದರು. 1815ರಲ್ಲಿ ಇಂಗ್ಲೆಂಡ್, ವೇಲ್ಸ್‌ನ ದೊಡ್ಡ ಭೂವೈಜ್ಞಾನಿಕ ನಕ್ಷೆ ಹೊರಬಂತು. ಆದರೂ ಸಾಲ ತೀರಿಸಲಾಗದೆ 1819ರಲ್ಲಿ ಜೈಲು ಸೇರಿದರು. ಗೌರವ ತಡವಾಗಿ ಬಂತು: 1831ರಲ್ಲಿ ಮೊದಲ ವೊಲಾಸ್ಟನ್ ಪದಕ. 1839ರಲ್ಲಿ ತೀರಿಕೊಂಡರು.

ಹಾಗಾದರೆ ಸಂದೇಶ ತಪ್ಪಿದ್ದೆಲ್ಲಿ? ಬುಡಮೇಲಾಗದ ಪದರಗಳಲ್ಲಿ ಕೆಳಗಿನದು ಹಳೆಯದು, ಮೇಲಿನದು ಹೊಸದು. ಈ ಕ್ರಮವನ್ನು ಸ್ಮಿತ್ ನೆಲದಲ್ಲೇ ಕಂಡರು. ಪಳೆಯುಳಿಕೆ ಅದೇ ಪದರವನ್ನು ಬೇರೆಡೆ ಗುರುತಿಸುವ ಗುರುತುಚೀಟಿಯಷ್ಟೇ. ಡಾರ್ವಿನ್ ಪುಸ್ತಕ ಬಂದದ್ದು 1859ರಲ್ಲಿ, ನಕ್ಷೆಯ 44 ವರ್ಷದ ನಂತರ. ಎಷ್ಟು ವರ್ಷ ಹಳೆಯದು ಎಂಬ ಲೆಕ್ಕ 20ನೇ ಶತಮಾನದಲ್ಲಿ, ಜ್ವಾಲಾಮುಖಿ ಬೂದಿಯಂಥ ಪದರಗಳ ವಿಕಿರಣಶೀಲ ಧಾತುಗಳಿಂದ ಸಿಕ್ಕಿತು. ಅದಕ್ಕೆ ಪಳೆಯುಳಿಕೆಯೇ ಬೇಕಿಲ್ಲ.

ಆ ಸಂದೇಶ ಮತ್ತೆ ಬಂದರೆ, ಸ್ಮಿತ್ ಕಥೆಯನ್ನು ಕಳಿಸಿ.